ಸೊಸೆಗೆ ಬಾರದ್ದು, ಮಗಳೊಡನೆ ಹೋದದ್ದು

ಒಂದೇ ಮನೆಯ ಮೂರು ತಲೆಮಾರಿನವರು ಒಂದೇ ಬಗೆಯಲ್ಲಿ ನರಳಿದರೆ ‘ಅದು ಅವರ ವಂಶದಲ್ಲೇ ಇದೆ’ ಎಂದು ಊರು ತೀರ್ಮಾನಿಸಿಬಿಡುತ್ತದೆ. ಕೆಜಿಎಫ್ ಮತ್ತು ಬಂಗಾರಪೇಟೆಯ ಸುತ್ತಮುತ್ತ ಮಾತ್ರ ಈ ತೀರ್ಮಾನಕ್ಕೆ ಅವಸರ ಮಾಡುವಂತಿಲ್ಲ. ಮನೆಮಂದಿಯನ್ನು ಸಾಲಾಗಿ ಹಿಡಿಯಬಲ್ಲ ಬೇರೆ ಎರಡು ಕಾರಣಗಳು ಆ ನೆಲದೊಳಗೇ ಇವೆ. ಒಂದು ಗಣಿಯ ದೂಳು, ಇನ್ನೊಂದು ಕೊಳವೆಬಾವಿಯ ನೀರು.

ದೂಳಿನದು ಹಳೆಯ ಕಥೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಶುರುಮಾಡಿತು. 2001ರ ಫೆಬ್ರವರಿ 28ರಂದು ಗಣಿ ಬಾಗಿಲು ಹಾಕುವ ಹೊತ್ತಿಗೆ ಚಾಂಪಿಯನ್ ರೀಫ್‌ನ ಆಳ 3 ಕಿಲೋಮೀಟರ್ ದಾಟಿತ್ತು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ. ವರ್ಷಗಟ್ಟಲೆ ಒಳಗೇ ಗಾಯ ಮಾಡುತ್ತ, ಉಸಿರನ್ನು ಸ್ವಲ್ಪಸ್ವಲ್ಪವಾಗಿ ಕಸಿಯುತ್ತದೆ. ಅದೇ ಸಿಲಿಕೋಸಿಸ್. 1940ರ ದಶಕದಲ್ಲಿ ಇಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಜನರಲ್ಲಿ ಅದರ ಗುರುತು ಸಿಕ್ಕಿತ್ತು. ಅಪ್ಪ ಇಳಿದ ಶಾಫ್ಟಿಗೇ ಮಗನೂ ಇಳಿಯುತ್ತಿದ್ದ ಊರಲ್ಲಿ ಅಪ್ಪನ ಕೆಮ್ಮು ಮಗನಿಗೂ ಬಂದದ್ದು ಸಹಜ. ನೋಡಿದವರಿಗೆ ಅದು ವಂಶದ ಕಾಯಿಲೆಯಂತೆಯೇ ಕಂಡೀತು.

ನೀರಿನದು ಇನ್ನೂ ಮುಗಿಯದ ಕಥೆ. ಕೋಲಾರ ಜಿಲ್ಲೆಯ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಕೆರೆಬಾವಿ ಬತ್ತಿ, ಬೋರ್‌ವೆಲ್ ಆಳ ಆಳಕ್ಕೆ ಇಳಿದಂತೆ ಬಂಡೆಯ ನಡುವೆ ಬಹುಕಾಲ ನಿಂತ ನೀರು ಕೊಡಕ್ಕೆ ಬರತೊಡಗಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1.5 ಎಂದು ಭಾರತೀಯ ಮಾನಕ ಹೇಳುತ್ತದೆ. ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳು ಈ ಗೆರೆಯನ್ನು ಮೀರಿವೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ವರ್ಷಾನುಗಟ್ಟಲೆ ಕುಡಿದವರ ಬೆನ್ನುಮೂಳೆ, ಮೊಣಕಾಲು ಬಿಗಿಯುತ್ತವೆ.

ಈಗ ಈ ಮೂರನ್ನು, ದೂಳು, ನೀರು ಮತ್ತು ವಂಶವಾಹಿಯನ್ನು, ಬೇರ್ಪಡಿಸುವುದು ಹೇಗೆ? ಇದಕ್ಕೆ ಪ್ರಯೋಗಾಲಯಕ್ಕಿಂತ ಮೊದಲು ಬೇಕಾದದ್ದು ಮನೆಯ ಸೊಸೆ ಮತ್ತು ಮಗಳ ಲೆಕ್ಕ. ದೂಳು ಹಿಡಿದದ್ದು ಹೆಚ್ಚಾಗಿ ಗಣಿಗೆ ಇಳಿದ ಗಂಡಸರನ್ನು. ಮನೆಯಲ್ಲೇ ಇದ್ದ ಹೆಂಗಸರ ಎದೆಗೆ ಅದು ಅಷ್ಟಾಗಿ ಇಳಿಯಲಿಲ್ಲ. ನೀರಿಗೆ ಹುಟ್ಟಿದವರು, ಬಂದವರು ಎಂಬ ಭೇದವಿಲ್ಲ. ದೂರದೂರಿನಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಹಾಲಿನಂತೆ ಬೆಳ್ಳಗೇ ಉಳಿಯಬಹುದು, ಏಕೆಂದರೆ ಹಲ್ಲಿನ ಕಲೆ ಮೂಡುವುದು ಎಂಟು ವರ್ಷದೊಳಗೆ, ಹಲ್ಲು ರೂಪುಗೊಳ್ಳುವ ಕಾಲದಲ್ಲಿ. ಆದರೆ ಇಪ್ಪತ್ತು ವರ್ಷ ಅದೇ ನೀರು ಕುಡಿದ ಮೇಲೆ ಅತ್ತೆಯ ಬೆನ್ನಿನಂತೆ ಅವಳ ಬೆನ್ನೂ ಬಿಗಿಯುತ್ತದೆ. ವಂಶವಾಹಿಯ ನಡೆ ಬೇರೆ. ಅದು ಸೊಸೆಯನ್ನು ಮುಟ್ಟುವುದಿಲ್ಲ. ಮಗಳು ಮದುವೆಯಾಗಿ ಮದರಾಸಿಗೋ ಹೊಸೂರಿಗೋ ಹೋದರೆ ಅವಳ ಜೊತೆಯಲ್ಲೇ ಹೋಗಿ, ಅಲ್ಲಿನ ನೀರು ಗಾಳಿಯಲ್ಲಿ ಬೆಳೆದ ಮೊಮ್ಮಗನಲ್ಲಿ ತಲೆಯೆತ್ತುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಮಲೆನಾಡಿನಲ್ಲಿ ಕಂಡಿದೆ. 1970ರ ದಶಕದ ಮಧ್ಯದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನ ಸೊಂಟದ ಕೀಲು ಸವೆದು ನಡೆಯಲಾರದಂತಾಗುತ್ತಿದ್ದರು. ಕೆಲವರು ಕುಳ್ಳಾಗಿಯೇ ಉಳಿಯುತ್ತಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದು ನೋಡಿದರು, ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬರ್ಥದ ಹೆಸರಿಟ್ಟರು. ಮೊದಲ ಅನುಮಾನ ಹೋದದ್ದು ಊಟದ ಮೇಲೆ: ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ, ಮೀನು ತಿಂದದ್ದರಿಂದ ಹೀಗಾಯಿತೇ? ಕೇಳಿದ್ದರಲ್ಲಿ ತಪ್ಪಿಲ್ಲ, ಕೇಳಲೇಬೇಕಿತ್ತು. ಆದರೆ ಅದೇ ಸುತ್ತಿನ ಬೇರೆ ಜನರಿಗೆ ಇದು ಬರುತ್ತಿರಲಿಲ್ಲ. ತಮ್ಮೊಳಗೇ ಮದುವೆಯಾಗುವ ಸಣ್ಣ ಸಮುದಾಯಗಳ ಮನೆಗಳಲ್ಲಿ ಮಾತ್ರ ಬರುತ್ತಿತ್ತು. 1990ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ಮನೆ ಮನೆಯ ವಂಶಾವಳಿ ಬರೆದು, ಎಕ್ಸ್‌-ರೇ ತೆಗೆದು, ಇದು ಮೂಳೆ ಮತ್ತು ಮೃದ್ವಸ್ಥಿ ಬೆಳೆಯುವ ಕ್ರಮದಲ್ಲೇ ಇರುವ ಆನುವಂಶಿಕ ದೋಷವೆಂದೂ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕೆಂದೂ ತೋರಿಸಿಕೊಟ್ಟವು. ಏಡಿಯ ಕಡೆ ನೆಟ್ಟ ದೃಷ್ಟಿ ವಂಶವೃಕ್ಷದ ಕಡೆ ತಿರುಗಲು ಅಷ್ಟು ವರ್ಷ ಹಿಡಿಯಿತು.

ಮೃದ್ವಸ್ಥಿ, ಮೂಳೆ, ಸ್ನಾಯುರಜ್ಜು, ಚರ್ಮದ ಒಳಪದರ, ರಕ್ತನಾಳದ ಗೋಡೆ, ಕಣ್ಣಿನ ಮಸೂರವನ್ನು ಹಿಡಿದಿಟ್ಟಿರುವ ನೂಲು, ಇವೆಲ್ಲ ಒಂದೇ ಕುಲದವು. ಶಾಲೆಯ ಪುಸ್ತಕದಲ್ಲಿ ಇವನ್ನು ಸಂಯೋಜಕ ಅಂಗಾಂಶ ಎಂದು ಓದಿದ್ದೇವೆ. ದೇಹದ ಕೋಶಗಳನ್ನು ಒಂದಕ್ಕೊಂದು ಕೂಡಿಸಿ, ಎಳೆತಕ್ಕೂ ಒತ್ತಡಕ್ಕೂ ತಡೆದುಕೊಳ್ಳುವಂತೆ ಮಾಡುವುದು ಇದರ ಕೆಲಸ. ಅದರ ಮುಖ್ಯ ಸಾಮಗ್ರಿ ಕೊಲಾಜೆನ್ ಎಂಬ ಪ್ರೋಟೀನು. ಅದರ ರಚನೆಯನ್ನು ಬಿಡಿಸಿದವರು ನಮ್ಮವರೇ. 1954ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ, ಕೊಲಾಜೆನ್ನಿನಲ್ಲಿ ಮೂರು ಸರಪಳಿಗಳು ಮೂರೆಳೆಯ ಹುರಿಹಗ್ಗದ ಹಾಗೆ ಒಂದನ್ನೊಂದು ಸುತ್ತಿಕೊಂಡಿವೆ ಎಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್, 1970ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಗೆ ಮರಳಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು.

ಅವರ ಮಾದರಿಯಲ್ಲಿ ನಮ್ಮ ವಿಷಯಕ್ಕೆ ತೀರಾ ಮುಖ್ಯವಾದ ಒಂದು ಅಂಶವಿದೆ. ಮೂರು ಎಳೆಗಳು ಅಷ್ಟು ಬಿಗಿಯಾಗಿ ಹೊಸೆದುಕೊಳ್ಳಬೇಕಾದರೆ ಒಳಮಗ್ಗುಲಲ್ಲಿ ಜಾಗವೇ ಇರುವುದಿಲ್ಲ. ಆದ್ದರಿಂದ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಕೂರಬೇಕು. ಸಾವಿರಾರು ಅಕ್ಷರಗಳ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಗ್ಲೈಸಿನ್ ಇರಬೇಕಾದ ಕಡೆ ಅದಕ್ಕಿಂತ ದೊಡ್ಡದೊಂದು ಬಂದು ಕೂತರೆ ಅಲ್ಲಿ ಹುರಿ ಉಬ್ಬಿ ಸಡಿಲವಾಗುತ್ತದೆ. ಮೂಳೆಯ ಕೊಲಾಜೆನ್ನಿನಲ್ಲಿ ಹೀಗಾದರೆ ಎತ್ತಿಕೊಂಡರೂ ಮೂಳೆ ಮುರಿಯುವ, ಕಣ್ಣಿನ ಬಿಳುಪು ನೀಲಿಯಾಗಿ ಕಾಣುವ ಮಗು ಹುಟ್ಟುತ್ತದೆ. ರಕ್ತನಾಳದ ಕೊಲಾಜೆನ್ನಿನಲ್ಲಾದರೆ ಹೊರಗೆ ಏನೂ ತೋರದ ಯುವಕನ ನಾಳವೋ ಕರುಳೋ ಒಂದು ದಿನ ಇದ್ದಕ್ಕಿದ್ದಂತೆ ಹರಿಯುತ್ತದೆ. ಎರಡನೆಯದನ್ನು ರಕ್ತನಾಳದ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್ ಎನ್ನುತ್ತಾರೆ. ಆ ಎಹ್ಲರ್ಸ್-ಡಾನ್ಲೋಸ್ ಕುಟುಂಬದಲ್ಲೇ 2017ರ ವರ್ಗೀಕರಣದ ಪ್ರಕಾರ 13 ಬಗೆಗಳಿವೆ.

ಸಂಯೋಜಕ ಅಂಗಾಂಶದ ಆನುವಂಶಿಕ ಕಾಯಿಲೆಗಳಲ್ಲಿ ಎಲ್ಲರೂ ತಿಳಿದಿರಬೇಕಾದದ್ದು ಮಾರ್ಫಾನ್ ಸಿಂಡ್ರೋಮ್. ಸುಮಾರು ಐದು ಸಾವಿರಕ್ಕೆ ಒಬ್ಬರಲ್ಲಿ ಇರುತ್ತದೆ. ಇಲ್ಲಿ ಕೆಟ್ಟಿರುವುದು ಫೈಬ್ರಿಲಿನ್ ಎಂಬ ಪ್ರೋಟೀನು. ಅದನ್ನು ತಯಾರಿಸುವ ಎಫ್‌ಬಿಎನ್1 ವಂಶವಾಹಿ 15ನೇ ವರ್ಣತಂತುವಿನಲ್ಲಿದೆ ಎಂದೂ, ಅದರಲ್ಲಿನ ಮ್ಯುಟೇಶನ್ನೇ, ಅಂದರೆ ಅಕ್ಷರಗಳ ಬದಲಾವಣೆಯೇ, ಕಾರಣವೆಂದೂ 1991ರಲ್ಲಿ ಖಚಿತವಾಯಿತು. ಇಂಥವರು ಮನೆಯಲ್ಲಿ ಎಲ್ಲರಿಗಿಂತ ಎತ್ತರ, ತೋಳು ಮೈಗೆ ಹೋಲಿಸಿದರೆ ತೀರಾ ನೀಳ, ಎದೆಗೂಡು ಒಳಕ್ಕೋ ಹೊರಕ್ಕೋ ಬಾಗಿರುತ್ತದೆ, ಚಿಕ್ಕಂದಿನಲ್ಲೇ ದಪ್ಪ ಕನ್ನಡಕ. ವೈದ್ಯರು ಮೇಜಿನ ಈಚೆ ಕೂತೇ ಮಾಡುವ ಎರಡು ಸಣ್ಣ ಪರೀಕ್ಷೆಗಳಿವೆ. ಒಂದು ಕೈಯ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಬಳೆಯಂತೆ ಸುತ್ತಿ ಹಿಡಿಯಲು ಹೇಳುತ್ತಾರೆ. ಹೆಬ್ಬೆರಳು ಕಿರುಬೆರಳಿನ ಉಗುರನ್ನು ಪೂರ್ತಿ ಮುಚ್ಚಿದರೆ ಒಂದು ಗುರುತು. ಹೆಬ್ಬೆರಳನ್ನು ಅಂಗೈಗೆ ಮಡಚಿ ಮುಷ್ಟಿ ಕಟ್ಟಿದಾಗ ಅದರ ತುದಿಯ ಗೆಣ್ಣು ಪೂರ್ತಿಯಾಗಿ ಆಚೆ ಬದಿಗೆ ಇಣುಕಿದರೆ ಇನ್ನೊಂದು. ಇವೆರಡೇ ಇದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಆದರೆ ಇವು ಕಂಡಮೇಲೆ ಹೃದಯದ ಎಕೋ ಮಾಡಿಸದೆ ಮನೆಗೆ ಕಳಿಸುವುದು ತಪ್ಪು.

ಏಕೆಂದರೆ ಮಾರ್ಫಾನ್ ಕೊಲ್ಲುವುದು ಎತ್ತರದಿಂದಲ್ಲ, ಮಹಾಪಧಮನಿಯಿಂದ. ಹೃದಯದಿಂದ ಹೊರಡುವ ಆ ದೊಡ್ಡ ರಕ್ತನಾಳದ ಬುಡ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ನೋವಿಲ್ಲ, ಆಯಾಸವಿಲ್ಲ. ಒಂದು ದಿನ ಒಳಗೋಡೆ ಸೀಳಿ ಬಿಡುತ್ತದೆ. 1972ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾರ್ಫಾನ್ ಇದ್ದವರು ತೀರಿಕೊಂಡ ಸರಾಸರಿ ವಯಸ್ಸು 32 ಇತ್ತು. ಈಗ ಕಾಯಿಲೆ ಮೊದಲೇ ಗೊತ್ತಾಗಿ, ವರ್ಷಕ್ಕೊಮ್ಮೆ ಎಕೋದಲ್ಲಿ ಅಳತೆ ನೋಡಿಸಿಕೊಂಡು, ಬೀಟಾ ಬ್ಲಾಕರ್ ಅಥವಾ ಲೊಸಾರ್ಟಾನ್‌ನಂಥ ಬಿ.ಪಿ. ಮಾತ್ರೆ ನುಂಗುತ್ತ, ನಾಳದ ಬುಡ 5 ಸೆಂಟಿಮೀಟರ್ ಮುಟ್ಟುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಎಲ್ಲರ ಹಾಗೆ ಮುಪ್ಪಿನವರೆಗೆ ಬದುಕುತ್ತಿದ್ದಾರೆ. ಇಷ್ಟು ದೊಡ್ಡ ಅಂತರ ತಂದದ್ದು ಹೊಸ ಔಷಧಿಗಳಿಗಿಂತ ಹೆಚ್ಚಾಗಿ ‘ಮೊದಲೇ ಗೊತ್ತಾದದ್ದು’. ಹಾಗೆ ಮೊದಲೇ ಗೊತ್ತಾಗುವುದು ಸಾಮಾನ್ಯವಾಗಿ ಮನೆಯ ಇನ್ನೊಬ್ಬರಿಂದ.

ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ 1986ರ ಜನವರಿ 24ರಂದು ಜಪಾನಿನಲ್ಲಿ ಪಂದ್ಯದ ನಡುವೆ ಬೆಂಚಿನ ಮೇಲೆ ಕೂತಿದ್ದಾಗಲೇ ಕುಸಿದು ತೀರಿಕೊಂಡರು. 31 ವರ್ಷ. ಒಲಿಂಪಿಕ್ ಪದಕ ಗೆದ್ದ ಆಟಗಾರ್ತಿಯ ಎತ್ತರವನ್ನು ಮೆಚ್ಚಿದವರೇ ಎಲ್ಲ. ಅದನ್ನು ರೋಗಲಕ್ಷಣವಾಗಿ ನೋಡಿದವರಿರಲಿಲ್ಲ. ಮರಣೋತ್ತರ ಪರೀಕ್ಷೆ ಮಾರ್ಫಾನ್ ಎಂದಿತು. ಕೂಡಲೇ ಅವರ ತಮ್ಮನನ್ನು ಪರೀಕ್ಷಿಸಿದರು. ಅವನ ಮಹಾಪಧಮನಿಯೂ ಹಿಗ್ಗಿತ್ತು. ಶಸ್ತ್ರಚಿಕಿತ್ಸೆಯಾಯಿತು, ಅವನು ಉಳಿದ.

ಈಗ ಬಂಗಾರಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರ ಮನೆಯ ಕಥೆಯೂ ಅಲ್ಲ, ಆನುವಂಶಿಕ ಸಮಾಲೋಚನೆಯ ಕೋಣೆಯಲ್ಲಿ ಮಾತು ಹೇಗೆ ಸಾಗುತ್ತದೆ ಎಂದು ತೋರಿಸಲು ಮಾಡಿಕೊಂಡ ಚಿತ್ರ. ಕೆಜಿಎಫ್‌ನ ಲೈನ್ ಮನೆಯಲ್ಲಿ ಹುಟ್ಟಿ, ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಗೆ ಬಂದು, ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬರುವ ಮೂವತ್ತಾರರ ಒಬ್ಬ. ಮಹಾಪಧಮನಿಯ ಬುಡ ಹಿಗ್ಗಿದೆ ಎಂದು ಎಕೋ ಹೇಳಿದೆ. ಸಮಾಲೋಚಕಿ ಬಿಳಿ ಹಾಳೆಯ ಮೇಲೆ ಅವನಿಗೊಂದು ಚೌಕ ಬರೆದು ಬಾಣದ ಗುರುತು ಹಾಕುತ್ತಾಳೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದರೆ ಒಳಗೆ ಕಪ್ಪು, ತೀರಿಕೊಂಡಿದ್ದರೆ ಅಡ್ಡಗೆರೆ.

‘ನಿಮ್ಮ ತಂದೆಯವರು?’

‘ಗಣೀಲಿದ್ರು ಮೇಡಂ. ದೂಳು ಹಿಡಿದು ಹೋಗ್ಬಿಟ್ರು.’

‘ಆಗ ಎಷ್ಟು ವಯಸ್ಸು ಅವರಿಗೆ?’

‘ಮೂವತ್ತೆಂಟೋ ಮೂವತ್ತೊಂಬತ್ತೋ. ನಾನಿನ್ನೂ ಸಣ್ಣೋನು.’

‘ಎಷ್ಟು ದಿನ ಹಾಸಿಗೆ ಹಿಡಿದಿದ್ರು?’

‘ಹಾಸಿಗೆ ಹಿಡೀಲೇ ಇಲ್ಲ. ಶಿಫ್ಟಿಗೆ ಹೊರಟಿದ್ರು, ಬೆನ್ನು ಸೀಳ್ದಂಗಾಗ್ತಿದೆ ಅಂದ್ರಂತೆ, ಬಾಗಿಲಲ್ಲೇ ಕುಸಿದ್ರು ಅಂತ ಅಮ್ಮ ಹೇಳ್ತಾರೆ.’

ಸಮಾಲೋಚಕಿ ಬರೆಯುವುದನ್ನು ನಿಲ್ಲಿಸಿ ಆ ಚೌಕವನ್ನು ಮತ್ತೊಮ್ಮೆ ನೋಡುವುದು ಇಲ್ಲೇ. ಸಿಲಿಕೋಸಿಸ್ ಹೀಗೆ ಕೊಲ್ಲುವುದಿಲ್ಲ. ಅದು ವರ್ಷಗಟ್ಟಲೆ ಕೆಮ್ಮಿಸಿ, ಮೆಟ್ಟಿಲು ಹತ್ತಲಾರದಂತೆ ಮಾಡಿ, ಎಷ್ಟೋ ಸಲ ಕ್ಷಯವನ್ನೂ ಕರೆತಂದು ಕೊನೆಗೆ ಒಯ್ಯುತ್ತದೆ. ಬೆನ್ನು ಸೀಳಿದಂಥ ನೋವು, ನಿಂತ ನಿಲುವಿನ ಸಾವು ಮಹಾಪಧಮನಿ ಸೀಳಿದ್ದರ ಕಡೆಗೆ ಬೊಟ್ಟು ಮಾಡುತ್ತವೆ. ಗಣಿಯ ಊರಲ್ಲಿ ಎದೆಯ ಎಲ್ಲ ಕಾಯಿಲೆಗೂ ದೂಳೇ ಉತ್ತರವಾದಾಗ, ಇಂದು ಊರುಗಳಲ್ಲಿ ಎಲ್ಲ ಹಠಾತ್ ಸಾವಿಗೂ ‘ಹಾರ್ಟ್ ಅಟ್ಯಾಕ್’ ಎಂಬುದೇ ಉತ್ತರವಾದಾಗ, ನಡುವೆ ಒಂದು ವಂಶವಾಹಿ ಯಾರ ಕಣ್ಣಿಗೂ ಬೀಳದೆ ದಾಟಿಹೋಗಬಹುದು. ಸಾವಿನ ಪ್ರಮಾಣಪತ್ರಕ್ಕಿಂತ ಅಮ್ಮನ ನೆನಪು ಹೆಚ್ಚು ಖಚಿತವಾಗಿರುವ ಎಷ್ಟೋ ಮನೆಗಳಿವೆ. ಅದನ್ನು ಕೇಳುವ ವ್ಯವಧಾನ ವೈದ್ಯರಿಗಿರಬೇಕು.

ವಂಶಾವಳಿ ಬರೆದಾದ ಮೇಲೆ ರಕ್ತ. ಮೂರು ನಾಲ್ಕು ಮಿಲಿಲೀಟರ್, ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ಅದರ ಬಿಳಿ ರಕ್ತಕಣಗಳಿಂದ ಡಿಎನ್‌ಎ ತೆಗೆದು ಯಂತ್ರದಲ್ಲಿ ಓದಿಸುತ್ತಾರೆ. ಮಾರ್ಫಾನ್ ಎಂಬ ಅನುಮಾನವಿದ್ದರೂ ಎಫ್‌ಬಿಎನ್1 ಒಂದನ್ನೇ ಓದುವ ಬದಲು ಮಹಾಪಧಮನಿಗೆ ಸಂಬಂಧಿಸಿದ ಹತ್ತಾರು ವಂಶವಾಹಿಗಳ ಗುಂಪನ್ನು ಓದಿಸುವುದು ಈಗಿನ ರೂಢಿ. ಮಾರ್ಫಾನ್ ಹಾಗೆಯೇ ಕಾಣುವ, 2005ರಲ್ಲಿ ವಿವರಿಸಲಾದ ಲೋಯ್ಸ್-ಡೀಟ್ಸ್ ಸಿಂಡ್ರೋಮ್‌ನಲ್ಲಿ ನಾಳ ಇನ್ನೂ ಕಡಿಮೆ ಅಳತೆಯಲ್ಲೇ ಸೀಳಬಹುದು; ಶಸ್ತ್ರಚಿಕಿತ್ಸೆಯನ್ನು ಇನ್ನೂ ಬೇಗನೆ ಮಾಡಬೇಕಾಗುತ್ತದೆ. ಹೆಸರು ಖಚಿತವಾದರೆ ಔಷಧಿಯ ಚೀಟಿಯೂ ಬದಲಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಭೇದಿಗೂ ಉರಿಮೂತ್ರಕ್ಕೂ ಸಲೀಸಾಗಿ ಕೇಳಿ ತರುವ ಸಿಪ್ರೋಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್‌ಗಳನ್ನು ಮಾರ್ಫಾನ್, ಎಹ್ಲರ್ಸ್-ಡಾನ್ಲೋಸ್ ಇರುವವರು ಬೇರೆ ದಾರಿಯೇ ಇಲ್ಲದ ಹೊರತು ತೆಗೆದುಕೊಳ್ಳಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಕೆಲವು ವಾರಗಳ ನಂತರ ರಿಪೋರ್ಟು ಬರುತ್ತದೆ. ಕಾಯಿಲೆ ತರುವ ಮ್ಯುಟೇಶನ್ ಸಿಕ್ಕಿತು ಎನ್ನಬಹುದು, ಸಿಗಲಿಲ್ಲ ಎನ್ನಬಹುದು. ಮನೆಯವರನ್ನು ಹೆಚ್ಚು ಕಾಡುವುದು ಮೂರನೆಯ ಉತ್ತರ: ಒಂದು ಬದಲಾವಣೆ ಸಿಕ್ಕಿದೆ, ಅದರ ಅರ್ಥ ನಿರ್ಧಾರವಾಗಿಲ್ಲ. ಪ್ರತಿಯೊಬ್ಬರ ಡಿಎನ್‌ಎಯಲ್ಲೂ ನಿರಪಾಯವಾದ ಲಕ್ಷಾಂತರ ವ್ಯತ್ಯಾಸಗಳಿರುತ್ತವೆ. ಯಾವುದು ನಿರಪಾಯ ಎಂದು ಹೇಳಬೇಕಾದರೆ ಅದು ಆರೋಗ್ಯವಂತರಲ್ಲೂ ಇದೆಯೇ ಎಂದು ನೋಡಬೇಕು. ಜಗತ್ತಿನ ಡಿಎನ್‌ಎ ಭಂಡಾರಗಳಲ್ಲಿ ತುಂಬಿರುವುದು ಹೆಚ್ಚಾಗಿ ಯೂರೋಪ್ ಮೂಲದವರ ಮಾಹಿತಿ. ಕೋಲಾರದ ರೈತನಲ್ಲೋ ಆರ್ಕಾಟಿನಿಂದ ಗಣಿಗೆ ಬಂದ ಕುಟುಂಬದಲ್ಲೋ ಸಾಮಾನ್ಯವಾಗಿರುವ ಒಂದು ಅಕ್ಷರ ಆ ಭಂಡಾರದಲ್ಲಿ ಇಲ್ಲದೇ ಇದ್ದರೆ, ಅದು ಅಪರೂಪದ್ದೆಂದು, ಅನುಮಾನದ್ದೆಂದು ದಾಖಲಾಗುತ್ತದೆ. ಇದನ್ನು ಸರಿಪಡಿಸಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ ದೇಶದ ನಾನಾ ಸಮುದಾಯಗಳ 10,000 ಜನರ ಜೀನೋಮ್ ಓದಿಸಿತು. 2025ರ ಜನವರಿಯಿಂದ ಆ ಮಾಹಿತಿ ಸಂಶೋಧಕರಿಗೆ ಸಿಗುವಂತಾಗಿದೆ. ದೂರದ ಮಾತೆಂದು ತೋರಬಹುದು, ಆದರೆ ಬಂಗಾರಪೇಟೆಯ ಒಂದು ರಿಪೋರ್ಟಿನಲ್ಲಿ ‘ಅರ್ಥ ಗೊತ್ತಿಲ್ಲ’ ಎಂಬ ಸಾಲು ಅಳಿಯಬೇಕಾದರೆ ದಾರಿ ಇದೇ.

ಇನ್ನೊಂದು ದಾರಿ ಮನೆಯೊಳಗೇ ಇದೆ. ಅನುಮಾನದ ಆ ಅಕ್ಷರ ಕಾಯಿಲೆ ಇರುವ ಸೋದರತ್ತೆಯಲ್ಲೂ ಇದೆಯೇ, ಅರವತ್ತೈದಾದರೂ ಗಟ್ಟಿಮುಟ್ಟಾಗಿರುವ ದೊಡ್ಡಪ್ಪನಲ್ಲಿ ಇಲ್ಲವೇ ಎಂದು ನೋಡುವುದು. ಕಾಯಿಲೆಯ ಜೊತೆಜೊತೆಗೇ ಅಕ್ಷರವೂ ಸಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗಟ್ಟಿಮುಟ್ಟಾದ ದೊಡ್ಡಪ್ಪನಲ್ಲೂ ಅದು ಇದ್ದರೆ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ದೊಡ್ಡಪ್ಪ ‘ನನಗೇನಾಗಿದೆ, ನನಗ್ಯಾಕೆ ಸೂಜಿ’ ಎಂದು ಎದ್ದುಹೋದರೆ ಇಡೀ ಮನೆತನದ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಕಾಯಿಲೆ ಇಲ್ಲದವರ ರಕ್ತಕ್ಕೂ ಇಲ್ಲಿ ಅಷ್ಟೇ ಬೆಲೆ.

ಮ್ಯುಟೇಶನ್ ಖಚಿತವಾಗಿ ಸಿಕ್ಕಿತೆನ್ನಿ. ಅಲ್ಲಿಂದ ಮುಂದೆ ಲೆಕ್ಕ ಹಗುರವಾಗುತ್ತದೆ. ಮೊದಲ ವ್ಯಕ್ತಿಯ ಪರೀಕ್ಷೆಗೆ ಹತ್ತಾರು ಸಾವಿರ ರೂಪಾಯಿ ಆಗಿರಬಹುದು, ಏಕೆಂದರೆ ಹುಡುಕಬೇಕಾದದ್ದು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಉಳಿದವರಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರೆ ಸಾಕು. ಖರ್ಚು ಅದರ ಸಣ್ಣ ಪಾಲು, ಉತ್ತರ ಇದೆ ಅಥವಾ ಇಲ್ಲ. ಮಾರ್ಫಾನ್‌ನಲ್ಲಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಇಲ್ಲ ಎಂದು ಬಂದವರು ವರ್ಷ ವರ್ಷ ಎಕೋ ಮಾಡಿಸಬೇಕಿಲ್ಲ, ಅವರ ಮಕ್ಕಳಿಗೂ ಆ ಚಿಂತೆ ಇಲ್ಲ. ಸುಮಾರು ಕಾಲುಭಾಗ ಜನರಲ್ಲಿ ಮ್ಯುಟೇಶನ್ ತಂದೆ ತಾಯಿಯಿಂದ ಬಂದದ್ದಲ್ಲ, ಅವರಲ್ಲೇ ಹೊಸದಾಗಿ ಹುಟ್ಟಿದ್ದು. ಅಂಥ ಕಡೆ ಅಣ್ಣತಮ್ಮಂದಿರು ಬಹುಮಟ್ಟಿಗೆ ನಿರಾಳ, ಮಕ್ಕಳು ಮಾತ್ರ ಅಲ್ಲ.

ನಾನು ಹೇಳಿದ ಸೊಸೆ-ಮಗಳ ಲೆಕ್ಕ ನಮ್ಮ ಸೀಮೆಯಲ್ಲಿ ಒಂದು ಕಡೆ ಎಡವುತ್ತದೆ: ಸೊಸೆಯೂ ಮನೆಯ ಹೆಣ್ಣೇ ಆಗಿದ್ದಾಗ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮನೆಗೆ ಕೊಡುವುದು ಇಲ್ಲಿ ಹಳೆಯ ಪದ್ಧತಿ. 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳನ್ನು ಸಂಶೋಧಕರಾದ ಬಿಟಲ್ಸ್, ಅಪ್ಪಾಜಿರಾವ್ ಮತ್ತಿತರರು ಅಧ್ಯಯನ ಮಾಡಿದಾಗ ಹತ್ತಿರಹತ್ತಿರ ಮೂರರಲ್ಲಿ ಒಂದು ರಕ್ತಸಂಬಂಧದೊಳಗಿನದು ಎಂದು ಕಂಡುಬಂತು. ವಂಶಾವಳಿಯ ಹಾಳೆಯಲ್ಲಿ ಅಂಥ ದಂಪತಿಯ ನಡುವೆ ಎರಡು ಗೆರೆ ಎಳೆಯುತ್ತಾರೆ. ಮಾರ್ಫಾನ್‌ನಂಥ ಪ್ರಬಲ ಕಾಯಿಲೆಗೆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಸಂಬಂಧದ ಮದುವೆಯಿಂದ ಅದು ಹುಟ್ಟುವುದಿಲ್ಲ. ದುರ್ಬಲ ಕಾಯಿಲೆಗಳಲ್ಲಿ ಎರಡೂ ಪ್ರತಿ ಕೆಡಬೇಕು. ಅಜ್ಜಿಯ ಒಂದು ಕೆಟ್ಟ ಪ್ರತಿ ಮಾವನಲ್ಲೂ ಅಕ್ಕನ ಮಗಳಲ್ಲೂ ಮೌನವಾಗಿ ಇದ್ದು, ಅವರ ಮಗುವಿನಲ್ಲಿ ಎರಡೂ ಕೂಡಬಹುದು. ಬೆರಳಿನ ಗೆಣ್ಣುಗಳು ಊದಿ ಬಿಗಿಯುವ, ಕೀಲುವಾತವೆಂದು ತಿಳಿದು ವರ್ಷಗಟ್ಟಲೆ ತಪ್ಪು ಮಾತ್ರೆ ಕೊಡಿಸುವ ಒಂದು ಮೃದ್ವಸ್ಥಿ ಕಾಯಿಲೆ ಭಾರತದ ಮಕ್ಕಳಲ್ಲಿ ಹೀಗೆಯೇ ಬರುತ್ತದೆ. ಮಲಬಾರಿನಲ್ಲಿ ಮಹಾಪಧಮನಿ ವಿಪರೀತ ಹಿಗ್ಗಿ ಎಳೆ ಕೂಸುಗಳು ಸಾಯುತ್ತಿದ್ದುದನ್ನು ಕೊಚ್ಚಿಯ ವೈದ್ಯರು ಬೆನ್ನುಹತ್ತಿ 2012ರಲ್ಲಿ ವರದಿ ಮಾಡಿದರು: 22 ಶಿಶುಗಳು, ಎಲ್ಲರಲ್ಲೂ ಫೈಬ್ಯುಲಿನ್-4 ವಂಶವಾಹಿಯ ಅದೇ ಒಂದು ಅಕ್ಷರದ ಬದಲಾವಣೆ. ಯಾವುದೋ ಕಾಲದ ಒಬ್ಬ ಪೂರ್ವಜರಿಂದ ಇಳಿದು ಬಂದದ್ದು. ಇಂಥದು ಗೊತ್ತಾದ ಕಡೆ ಮದುವೆಗೆ ಮುನ್ನ ಅಥವಾ ಗರ್ಭ ನಿಲ್ಲುವ ಮುನ್ನ ದಂಪತಿಯ ಒಂದು ಸಣ್ಣ ರಕ್ತಪರೀಕ್ಷೆ ಎಷ್ಟು ದುಃಖವನ್ನು ತಪ್ಪಿಸಬಲ್ಲದು! ಪದ್ಧತಿಯನ್ನು ಹಳಿದು ಪ್ರಯೋಜನವಿಲ್ಲ. ಕೇಳಿದವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಎರಡು ಗೆರೆ ಎಳೆದು, ಲೆಕ್ಕ ತಿಳಿಸಿ, ಪರೀಕ್ಷೆಯ ದಾರಿ ತೋರಿಸುವುದೇ ಮೇಲು.

ಪರೀಕ್ಷೆ ಬೇಡದ ಕಡೆಯೂ ಇದೆ. ಕೀಲುಗಳು ಅತಿಯಾಗಿ ಬಳುಕುವ, ಮೈಯೆಲ್ಲ ನೋಯುವ, ಹೈಪರ್‌ಮೊಬೈಲ್ ಎಂದು ಕರೆಯುವ ಎಹ್ಲರ್ಸ್-ಡಾನ್ಲೋಸ್‌ಗೆ ಇಂದಿಗೂ ಕಾರಣವಾದ ವಂಶವಾಹಿ ಖಚಿತವಾಗಿಲ್ಲ. ಅದನ್ನು ಗುರುತಿಸುವುದು ಬೆರಳು, ಮೊಣಕೈ, ಮೊಣಕಾಲು ಬಾಗಿಸಿ, ಬಗ್ಗಿ ಅಂಗೈ ನೆಲಕ್ಕೆ ತಾಗಿಸಿ ಒಂಬತ್ತಕ್ಕೆ ಅಂಕ ಹಾಕುವ ಬೈಟನ್ ಪರೀಕ್ಷೆ ಮತ್ತು ವಿವರವಾದ ವಿಚಾರಣೆಯಿಂದ. ಬೇರೆ ಅಪಾಯಕಾರಿ ಬಗೆಗಳ ಸುಳಿವಿಲ್ಲದಿದ್ದಾಗ ಇಂಥವರಿಂದ ದೊಡ್ಡ ಮೊತ್ತ ಕಟ್ಟಿಸಿಕೊಂಡು ಜೀನ್ ಪರೀಕ್ಷೆ ಮಾಡಿಸುವುದು ನ್ಯಾಯವಲ್ಲ.

ಈ ಭಾಗದವರು ಹೋಗಬೇಕಾದದ್ದೆಲ್ಲಿಗೆ? ಎಕೋ ಕೋಲಾರದಲ್ಲೇ ಆಗುತ್ತದೆ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಸಂಸ್ಥೆಯಲ್ಲಿ ಅಣು ತಳಿವಿಜ್ಞಾನದ ವಿಭಾಗವೂ ಇದೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರ ಇಂಥ ಕುಟುಂಬಗಳಿಗೆಂದೇ ಇರುವ ಜಾಗ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಇದನ್ನೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯನ್ನೂ ಸೇರಿಸಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ಮೂಳೆಯ ಆನುವಂಶಿಕ ಕಾಯಿಲೆಗಳಲ್ಲಿ ಮಣಿಪಾಲದ ಕಸ್ತೂರಬಾ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗದ ಕೆಲಸ ದೊಡ್ಡದು.

ಹೋಗಲು ತಡೆಯುವುದು ದೂರಕ್ಕಿಂತ ಹೆಚ್ಚಾಗಿ ಅಂಜಿಕೆ. ಹೆಣ್ಣುಮಗಳ ರಿಪೋರ್ಟು ಊರಿಗೆ ಗೊತ್ತಾದರೆ ಗಂಡು ಸಿಗುವುದಿಲ್ಲ ಎಂಬ ಅಂಜಿಕೆಯನ್ನು ಹಗುರವಾಗಿ ಕಾಣಲಾರೆ. ಅದನ್ನು ಅನುಭವಿಸುವವಳು ಅವಳು. ಆದರೆ ಮಹಾಪಧಮನಿ ಹಿಗ್ಗಿರುವುದು ಗೊತ್ತಿಲ್ಲದೆ ಬಸುರಿಯಾದರೆ ಹೆರಿಗೆಯ ಆಸುಪಾಸಿನ ತಿಂಗಳುಗಳು ಅವಳಿಗೆ ಅತ್ಯಂತ ಅಪಾಯದವು. ಗೊತ್ತಿದ್ದರೆ ಮೊದಲೇ ಅಳತೆ ನೋಡಿ, ಬೇಕಿದ್ದರೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿ, ತಾಯಿಯಾಗುವ ದಾರಿ ಇದೆ. ಗರ್ಭದಲ್ಲಿರುವ ಮಗುವಿನ ಪರೀಕ್ಷೆಯನ್ನೂ 1994ರ ಕಾಯ್ದೆಯಡಿ ನೋಂದಾಯಿತ ಕೇಂದ್ರಗಳಲ್ಲಿ ಮಾಡಿಸಬಹುದು. ಲಿಂಗ ಮಾತ್ರ ಯಾರೂ ಹೇಳುವಂತಿಲ್ಲ. ವಿಮೆಯ ಅಂಜಿಕೆಗೆ ಸ್ವಲ್ಪ ಉತ್ತರ ಸಿಕ್ಕಿದೆ. ಆನುವಂಶಿಕ ಕಾಯಿಲೆಗಳನ್ನೆಲ್ಲ ಸಾರಾಸಗಟಾಗಿ ಆರೋಗ್ಯ ವಿಮೆಯಿಂದ ಹೊರಗಿಡುವುದು ತಾರತಮ್ಯವೆಂದು 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರ ಆ ನೆಪದಲ್ಲಿ ಕ್ಲೇಮು ತಿರಸ್ಕರಿಸಬಾರದೆಂದು ಕಂಪನಿಗಳಿಗೆ ಸುತ್ತೋಲೆ ಕಳಿಸಿತು.

ಮತ್ತೆ ಆ ಕಲ್ಪಿತ ಮನೆಯ ಮೂವತ್ತಾರರವನಿಗೆ ಬರೋಣ. ಅವನ ಕೈಗೆ ಎಫ್‌ಬಿಎನ್1 ಮ್ಯುಟೇಶನ್ ಇದೆ ಎನ್ನುವ ರಿಪೋರ್ಟು ಬಂದಿದೆ. ಐದಾರು ಪುಟಗಳಲ್ಲಿ ಅವನು ಗುರುತು ಹಾಕಿಕೊಳ್ಳಬೇಕಾದದ್ದು ಒಂದೇ ಸಾಲು: ವಂಶವಾಹಿಯ ಹೆಸರು, ಅದರ ಪಕ್ಕದಲ್ಲಿ ಎಷ್ಟನೆಯ ಅಕ್ಷರ ಏನಾಗಿ ಬದಲಾಗಿದೆ ಎಂಬ ಸಂಕೇತ. ಆ ಸಾಲು ಇಲ್ಲದೆ ಬೇರೆ ಊರಿನ ತಂಗಿ ಪರೀಕ್ಷೆಗೆ ಹೋದರೆ ಮತ್ತೆ ಮೊದಲಿನಿಂದ ಹುಡುಕಬೇಕು, ಮತ್ತೆ ಅಷ್ಟೇ ದುಡ್ಡು. ಆದ್ದರಿಂದ ಒಳ್ಳೆಯ ಸಮಾಲೋಚಕರು ರಿಪೋರ್ಟಿನ ಜೊತೆಗೆ ನಂಟರಿಗೆಂದೇ ಒಂದು ಪತ್ರ ಬರೆದು ಕೊಡುತ್ತಾರೆ. ಇವನ ಪತ್ರದ ನಾಲ್ಕು ಪ್ರತಿ ಬೇಕು. ಎರಡು ಮಕ್ಕಳ ಫೈಲಿಗೆ. ಒಂದು ಹೊಸೂರಿನ ತಂಗಿಗೆ. ಇನ್ನೊಂದು, ಅಪ್ಪನ ಸಾವಿಗೂ ಮೊದಲೇ ಮದರಾಸಿಗೆ ಮದುವೆಯಾಗಿ ಹೋಗಿ, ಈಗ ಎತ್ತರದ ಇಬ್ಬರು ಗಂಡುಮಕ್ಕಳ ತಾಯಿಯಾಗಿರುವ ಸೋದರತ್ತೆಗೆ.